3018 ಸಿಎನ್‌ಸಿ ಕಿಟ್: ಮರಗೆಲಸಕ್ಕೆ ಎಷ್ಟು ದೂರ ಬರುತ್ತದೆ?

ಮನೆಯಲ್ಲೇ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಯಂತ್ರ) ಕಟ್ಟಬೇಕೆಂದು ಹೊರಟವರಿಗೆ ಆನ್‌ಲೈನ್ ಅಂಗಡಿಗಳಲ್ಲಿ ಮೊದಲು ಸಿಗುವುದು 3018 ಕಿಟ್. ಹತ್ತಾರು ಹೆಸರಿನಲ್ಲಿ ಮಾರಾಟವಾಗುತ್ತದೆ, ಒಳಗಿನ ಸರಕು ಬಹುಮಟ್ಟಿಗೆ ಒಂದೇ. ಅಳತೆ ಹೆಸರಲ್ಲೇ ಇದೆ: 300 ಮಿ.ಮೀ. ಒಂದು ಕಡೆ, 180 ಮಿ.ಮೀ. ಇನ್ನೊಂದು ಕಡೆ. ಮೇಲೆ ಕೆಳಗೆ ಸುಮಾರು 45 ಮಿ.ಮೀ. ಓಡಾಟ.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾಮಫಲಕ, ಚಿಕ್ಕ ಡಬ್ಬಿಯ ಮುಚ್ಚಳ, ಅಚ್ಚು, ಕೀಲಿಕೈ ಗೊಂಚಲಿನ ಬಿಲ್ಲೆ, ಇಂಥವಕ್ಕೆ ಇದು ಸಾಕು. ಸಿಎನ್‌ಸಿ ಕಲಿಯಲು ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಕಾಣುವುದಿಲ್ಲ. ಆದರೆ ಬಾಗಿಲಿನ ಕೆತ್ತನೆಗೋ ಪೀಠೋಪಕರಣಕ್ಕೋ ಇದನ್ನು ಕೊಂಡರೆ ನಿರಾಸೆ ಖಂಡಿತ. ಯಂತ್ರ ಸೋಲುವುದು ಮೋಟಾರಿನ ಶಕ್ತಿ ಸಾಲದೆ ಎಂದು ಹೆಚ್ಚಿನವರು ತಿಳಿಯುತ್ತಾರೆ. ನಿಜಕ್ಕೂ ಸೋಲುವುದು ಮೈ ಬಾಗುವುದರಿಂದ. ಇದನ್ನು ಸುಧಾರಿಸುವಾಗ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎನ್ನುವುದು ಈ ಒಂದು ಮಾತಿನ ಮೇಲೆ ನಿಂತಿದೆ.

ಪೆಟ್ಟಿಗೆಯಲ್ಲಿ ಬರುವುದು: 2020 ಮತ್ತು 2040 (20 × 20, 20 × 40 ಮಿ.ಮೀ.) ಅಲ್ಯೂಮಿನಿಯಂ ಪ್ರೊಫೈಲ್, ಕಪ್ಪು ಬೇಕಲೈಟ್ ತಟ್ಟೆಗಳು, 10 ಮಿ.ಮೀ. ದಪ್ಪದ ನುಣುಪು ಸರಳುಗಳು, ಟಿ8 ಲೀಡ್‌ಸ್ಕ್ರೂ (ತಿರುಗಿದಾಗ ಭಾಗಗಳನ್ನು ಸರಿಸುವ ಉದ್ದ ಸ್ಕ್ರೂ), ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೂರು ನೆಮಾ 17 ಸ್ಟೆಪರ್ ಮೋಟಾರು, ಇಆರ್11 ಕೊಲೆಟ್ (ಕೆತ್ತುವ ಬಿಟ್ಟನ್ನು ಹಿಡಿಯುವ ಕವಚ) ಹಾಕಿದ 24 ವೋಲ್ಟಿನ 775 ಮೋಟಾರು (ಬಿಟ್ಟನ್ನು ತಿರುಗಿಸುವ ಸ್ಪಿಂಡಲ್ ಇದೇ), ಯಂತ್ರ ಓಡಿಸುವ ತಂತ್ರಾಂಶ ಜಿಆರ್‌ಬಿಎಲ್ 1.1 ತುಂಬಿದ ಎಟಿಮೆಗಾ328ಪಿ ಬೋರ್ಡು, 3.175 ಮಿ.ಮೀ. ಹಿಡಿಯ ಹತ್ತು ವಿ-ಬಿಟ್ (ವಿ ಆಕಾರದ ತುದಿಯ ಕೆತ್ತುವ ಉಳಿ). ಬೋರ್ಡಿನ ಯುಎಸ್‌ಬಿ ಚಿಪ್ಪು ಸಾಮಾನ್ಯವಾಗಿ ಸಿಎಚ್340. ವಿಂಡೋಸ್‌ನಲ್ಲಿ ಪೋರ್ಟ್ ಕಾಣಿಸದಿದ್ದರೆ ಬೋರ್ಡು ಕೆಟ್ಟಿದೆ ಎಂದು ವಾಪಸು ಕಳಿಸುವ ಮೊದಲು ಅದರ ಡ್ರೈವರ್ ಹಾಕಿ ನೋಡಿ.

ಜೋಡಣೆ

ಕಿಟ್ಟಿನ ಜೊತೆ ಬರುವ ಚಿತ್ರಪುಸ್ತಕ ನೋಡಿಕೊಂಡು ಒಂದು ಮಧ್ಯಾಹ್ನದಲ್ಲಿ ಜೋಡಿಸಬಹುದು, ಆದರೆ ಆ ಪುಸ್ತಕ ಹೇಳದ ಸಂಗತಿಗಳಿವೆ. ಚೌಕಟ್ಟನ್ನು ಗ್ರಾನೈಟ್ ಕಟ್ಟೆಯ ಮೇಲೋ ದಪ್ಪ ಗಾಜಿನ ಮೇಲೋ ಇಟ್ಟು ಬಿಗಿ ಮಾಡಿ. ಮರದ ಮೇಜು ಕಣ್ಣಿಗೆ ಮಟ್ಟವಾಗಿ ಕಂಡರೂ ಅರ್ಧ ಮಿ.ಮೀ. ತಿರುಚಿರುತ್ತದೆ, ಆ ತಿರುಚು ಹಾಗೇ ಚೌಕಟ್ಟಿಗೆ ಇಳಿಯುತ್ತದೆ. ಎಲ್ಲ ಬೋಲ್ಟುಗಳನ್ನು ಮೊದಲು ಸಡಿಲವಾಗಿ ಕೂರಿಸಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು, ಎರಡೂ ಒಂದೇ ಬಂದ ಮೇಲೆ ಬಿಗಿಯಿರಿ.

ಸರಳುಗಳನ್ನು ಬಿಗಿಯುವುದಕ್ಕೂ ಕ್ರಮ ಇದೆ. ಲೀಡ್‌ಸ್ಕ್ರೂ ಹಾಕುವ ಮೊದಲು ಬೆಡ್ಡನ್ನು (ಮರ ಕೂರುವ ತಟ್ಟೆ) ಕೈಯಿಂದ ಒಂದು ತುದಿಗೆ ತಳ್ಳಿ ಆ ತುದಿಯ ಸ್ಕ್ರೂ ಬಿಗಿಯಿರಿ, ಮತ್ತೆ ಇನ್ನೊಂದು ತುದಿಗೆ ತಂದು ಅಲ್ಲಿನದನ್ನು ಬಿಗಿಯಿರಿ. ಹೀಗೆ ಮಾಡಿದರೆ ಸರಳುಗಳು ತಾವಾಗಿ ಸಮಾನಾಂತರಕ್ಕೆ ಬರುತ್ತವೆ. ಆಮೇಲೆ ಒಂದು ಬೆರಳಿನಿಂದ ತಳ್ಳಿದರೂ ಬೆಡ್ಡು ಎರಡೂ ತುದಿಗೆ ಒಂದೇ ಸಮನೆ ಸಾಗಬೇಕು. ನಡುವೆ ಎಲ್ಲಾದರೂ ಬಿಗಿಯಾದರೆ ಅದನ್ನು ಈಗಲೇ ಸರಿಪಡಿಸಿ. ಮೋಟಾರು ಹಾಕಿದ ಮೇಲೆ ಅದೇ ಜಾಗದಲ್ಲಿ ಸ್ಟೆಪ್ ತಪ್ಪುತ್ತದೆ, ಕಾರಣ ಮಾತ್ರ ಕಾಣಿಸುವುದಿಲ್ಲ.

ಮೋಟಾರಿಗೂ ಲೀಡ್‌ಸ್ಕ್ರೂಗೂ ಕೊಂಡಿಯಾದ ಕಪ್ಲಿಂಗಿನ ಪುಟ್ಟ ಗ್ರಬ್ ಸ್ಕ್ರೂಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. 'ಕೆತ್ತುತ್ತಾ ಕೆತ್ತುತ್ತಾ ಚಿತ್ರ ಒಂದು ಕಡೆ ಜಾರಿತು' ಎಂಬ ದೂರುಗಳಲ್ಲಿ ಬಹಳಷ್ಟಕ್ಕೆ ಇವೇ ಮೂಲ. ಮೋಟಾರಿನ ಶಾಫ್ಟಿನಲ್ಲಿ ಚಪ್ಪಟೆ ಭಾಗವಿದ್ದರೆ ಸ್ಕ್ರೂ ಅದರ ಮೇಲೇ ಕೂರಬೇಕು. ಲೀಡ್‌ಸ್ಕ್ರೂ ಕಡೆ ಚಪ್ಪಟೆ ಇರುವುದಿಲ್ಲ; ಅರದಿಂದ ಸ್ವಲ್ಪ ಉಜ್ಜಿ ಮಾಡಿಕೊಳ್ಳಿ. ನೀಲಿ ಥ್ರೆಡ್ ಲಾಕರ್ ಒಂದು ಹನಿ ಸಾಕು. ಕೆಂಪು ಬೇಡ, ಅದನ್ನು ಮತ್ತೆ ಬಿಚ್ಚಬೇಕಾದರೆ ಬಿಸಿ ಕೊಡಬೇಕಾಗುತ್ತದೆ.

ಸ್ಪಿಂಡಲ್ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಬೇಕು. ಎರಡು ತಂತಿ ಅದಲುಬದಲಾದರೆ ಹಿಂದಕ್ಕೆ ತಿರುಗುತ್ತದೆ. ಆಗ ಬಿಟ್ಟು ಕತ್ತರಿಸುವ ಬದಲು ಉಜ್ಜುತ್ತದೆ, ಮರ ಕಪ್ಪಾಗಿ ಹೊಗೆ ಬರುತ್ತದೆ. ಮೊದಲ ಸಲವೇ ಸುಟ್ಟ ವಾಸನೆ ಬಂದರೆ ಇದನ್ನೇ ಮೊದಲು ಪರೀಕ್ಷಿಸಿ. ಕೊಲೆಟ್ಟನ್ನು ನಟ್ಟಿನೊಳಗೆ 'ಟಕ್' ಎಂದು ಕೂರಿಸಿ, ಆಮೇಲೆ ಶಾಫ್ಟಿಗೆ ಹಾಕಬೇಕು. ಕೊಲೆಟ್ಟನ್ನು ಶಾಫ್ಟಿನಲ್ಲಿಟ್ಟು ಮೇಲಿಂದ ನಟ್ಟು ತಿರುಗಿಸಿದರೆ ಅದು ಓರೆಯಾಗಿ ಕೂತು ಬಿಟ್ಟು ನಡುಗುತ್ತದೆ.

ಅಳತೆ ತಾಳೆ

ಟಿ8 ಸ್ಕ್ರೂ ಒಂದು ಸುತ್ತಿಗೆ 4 ಮಿ.ಮೀ. ಸಾಗುತ್ತದೆ. ಮೋಟಾರಿಗೆ ಸುತ್ತಿಗೆ 200 ಹೆಜ್ಜೆ, ಬೋರ್ಡಿನ ಮೇಲಿನ ಮೋಟಾರು ಡ್ರೈವರ್ ಪ್ರತಿ ಹೆಜ್ಜೆಯನ್ನು 16 ಪಾಲು ಮಾಡುತ್ತದೆ: 200 × 16 ÷ 4 = 800. ಹಾಗಾಗಿ ಜಿಆರ್‌ಬಿಎಲ್ ಸೆಟ್ಟಿಂಗುಗಳಾದ $100, $101, $102 (ಮೂರು ದಿಕ್ಕಿಗೂ ಮಿ.ಮೀ.ಗೆ ಎಷ್ಟು ಹೆಜ್ಜೆ) ಮೂರರಲ್ಲೂ 800 ಇರಬೇಕು. 100 ಮಿ.ಮೀ. ಹೇಳಿದರೆ 99.4 ಬಂತು ಎಂದು ತಕ್ಷಣ ಈ ಅಂಕಿಯನ್ನು ತಿದ್ದುವುದು ಸರಿಯಲ್ಲ. ಸ್ಕ್ರೂವಿನಲ್ಲಿ ಅಷ್ಟು ತಪ್ಪು ಇರುವುದು ಅಪರೂಪ. ಜಾರುವ ಕಪ್ಲಿಂಗು, ಸಡಿಲ ನಟ್ಟು, ಅಳೆಯುವ ರೀತಿ, ಮೂರನ್ನೂ ನೋಡಿದ ಮೇಲೆ ಅಂಕಿಗೆ ಕೈ ಹಾಕಿ.

ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸಿದಾಗಿನ ಸಡಿಲ) ಅಳೆಯಲು ಡಯಲ್ ಇಂಡಿಕೇಟರ್ ಬೇಕು. ಅದರ ಅಯಸ್ಕಾಂತದ ಬುಡ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಆದ್ದರಿಂದ ಬೆಡ್ಡಿಗೆ ಒಂದು ಉಕ್ಕಿನ ಪಟ್ಟಿ ಬಿಗಿದು ಅದರ ಮೇಲೆ ನಿಲ್ಲಿಸಿ. ಮುಂದಿನ ದಿಕ್ಕಿಗೆ ಒಂದೆರಡು ಮಿ.ಮೀ. ಸಾಗಿಸಿ, ಡಯಲ್ಲನ್ನು ಸೊನ್ನೆಗೆ ತಂದು, 1 ಮಿ.ಮೀ. ಹಿಂದಕ್ಕೆ ಕಳಿಸಿ. ಮುಳ್ಳು 0.93 ತೋರಿಸಿದರೆ ಸಡಿಲ 0.07. ಕಿಟ್ಟಿನಲ್ಲಿ ಎರಡು ಹಿತ್ತಾಳೆ ನಟ್ಟಿನ ನಡುವೆ ಸ್ಪ್ರಿಂಗ್ ಕೊಟ್ಟಿರುತ್ತಾರೆ. ಎರಡನೇ ನಟ್ಟನ್ನು ಸ್ಪ್ರಿಂಗ್ ಅರ್ಧದಷ್ಟು ಕುಗ್ಗುವವರೆಗೆ ತಿರುಗಿಸಿ ಹಾಕಿದರೆ ಸಡಿಲ ಚೆನ್ನಾಗಿ ಇಳಿಯುತ್ತದೆ. ಪೂರ್ತಿ ಕುಗ್ಗಿಸಿದರೆ ಮೋಟಾರು ತಿರುಗಲು ಒದ್ದಾಡುತ್ತದೆ. ಜೊತೆಗೆ $1 ಅನ್ನು 255 ಮಾಡಿಡಿ, ನಿಂತಾಗಲೂ ಮೋಟಾರುಗಳು ಹಿಡಿತ ಬಿಡುವುದಿಲ್ಲ.

ಮೊದಲು ಮಾಡಬೇಕಾದ ಸುಧಾರಣೆಗಳು

ಬೆಡ್ಡಿನ ಮೇಲೆ 12 ಮಿ.ಮೀ. ಎಂಡಿಎಫ್ ಹಲಗೆ ಕೂರಿಸಿ, ಅದನ್ನು ಯಂತ್ರದಿಂದಲೇ ಮಟ್ಟ ಮಾಡಿ. ಇದೇ ಮೊದಲ ಸುಧಾರಣೆ, ಖರ್ಚೂ ಬಹಳ ಕಡಿಮೆ. 775 ಮೋಟಾರಿಗೆ ದೊಡ್ಡ ಸರ್ಫೇಸಿಂಗ್ ಬಿಟ್ಟು ಭಾರ, 6 ಮಿ.ಮೀ. ಎಂಡ್‌ಮಿಲ್ಲಿನಲ್ಲಿ (ಚಪ್ಪಟೆ ತುದಿಯ ಬಿಟ್ಟು) 0.2 ಮಿ.ಮೀ. ಆಳದಂತೆ ತೆಗೆಯಿರಿ. ಅದಕ್ಕೆ 6 ಮಿ.ಮೀ. ಕೊಲೆಟ್ಟು ಬೇರೆ ಕೊಳ್ಳಬೇಕು. ಮಟ್ಟ ಮಾಡಿದ ಮೇಲೆ ಬೆರಳು ಸವರಿ. ಸಾಲು ಸಾಲಿಗೂ ಮೆಟ್ಟಿಲು ತಗುಲಿದರೆ ಸ್ಪಿಂಡಲ್ ಲಂಬವಾಗಿಲ್ಲ. ಕೊಲೆಟ್ಟಿಗೆ ಎಲ್ ಆಕಾರದಲ್ಲಿ ಬಗ್ಗಿಸಿದ ಗಟ್ಟಿ ತಂತಿ ಹಾಕಿ, ಕೈಯಿಂದ ತಿರುಗಿಸುತ್ತಾ ನಾಲ್ಕೂ ದಿಕ್ಕಿನಲ್ಲಿ ಹಲಗೆಗೂ ತಂತಿ ತುದಿಗೂ ಇರುವ ಸಂದು ನೋಡಿ. ಸಂದು ಎಲ್ಲಿ ಹೆಚ್ಚಿದೆ ಎಂಬುದರ ಮೇಲೆ ಸ್ಪಿಂಡಲ್ ಹಿಡಿಕೆಯ ಹಿಂದೆ ಮೇಲಕ್ಕೋ ಕೆಳಕ್ಕೋ ತೆಳು ತಗಡಿನ ಚೂರು ಕೊಟ್ಟರೆ ಸರಿಹೋಗುತ್ತದೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಬಂದಾಗ ಎಂಡಿಎಫ್ ಉಬ್ಬುತ್ತದೆ. ಅಲ್ಲಿ ಪ್ರತಿ ಹಂಗಾಮಿಗೂ ಒಮ್ಮೆ ಮತ್ತೆ ಮಟ್ಟ ಮಾಡಬೇಕು, ಸರಳುಗಳಿಗೆ ತೆಳುವಾಗಿ ಎಣ್ಣೆ ಸವರಬೇಕು.

ಮರವನ್ನು ಹಿಡಿಯಲು ಕೊಟ್ಟಿರುವ ಕ್ಲಾಂಪುಗಳು ಜಾಗ ತಿನ್ನುತ್ತವೆ, ಬಿಟ್ಟಿಗೆ ಅಡ್ಡ ಬರುತ್ತವೆ. ತೆಳು ಹಲಗೆಗೆ ಸುಲಭದ ಉಪಾಯ: ಎಂಡಿಎಫ್ ಮೇಲೆ ಮಾಸ್ಕಿಂಗ್ ಟೇಪು, ಮರದ ತಳಕ್ಕೂ ಮಾಸ್ಕಿಂಗ್ ಟೇಪು, ನಡುವೆ ಫೆವಿಕ್ವಿಕ್ಕಿನ ನಾಲ್ಕೈದು ಗೆರೆ. ಅರ್ಧ ನಿಮಿಷ ಒತ್ತಿ ಹಿಡಿದರೆ ಸಾಕು. ಕೆಲಸ ಮುಗಿದ ಮೇಲೆ ಚಪ್ಪಟೆ ಪಟ್ಟಿಯಿಂದ ಎಬ್ಬಿಸಿದರೆ ಬಿಡುತ್ತದೆ, ಮರಕ್ಕೆ ಅಂಟು ತಾಕುವುದಿಲ್ಲ.

ಎರಡನೆಯದು ವಿದ್ಯುತ್ ಗದ್ದಲ. 775 ಬ್ರಷ್ ಮೋಟಾರು. ಬ್ರಷ್ಷಿನ ಕಿಡಿಯಿಂದ ಏಳುವ ಗದ್ದಲ ಯುಎಸ್‌ಬಿಗೆ ನುಗ್ಗಿ, ಕೆತ್ತನೆಯ ನಡುವೆ ಸಂಪರ್ಕ ಕಡಿದುಹೋಗುತ್ತದೆ. ಮೋಟಾರಿನ ಎರಡೂ ತುದಿಗೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿ. ಫೆರೈಟ್ ಇರುವ ಗಿಡ್ಡ ಯುಎಸ್‌ಬಿ ಕೇಬಲ್ ಬಳಸಿ, ಸ್ಪಿಂಡಲ್ ತಂತಿಯನ್ನು ಉಳಿದ ತಂತಿಗಳ ಜೊತೆ ಕಟ್ಟಬೇಡಿ. ಕೆಪಾಸಿಟರ್, ಫೆರೈಟ್, ಶೀಲ್ಡ್ ತಂತಿ ಎಲ್ಲವೂ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಬಿಡಿಯಾಗಿ ಸಿಗುತ್ತವೆ. ದೂಳು ಎಳೆಯಲು ವ್ಯಾಕ್ಯೂಮ್ ಹಾಕಿದರೆ ಪ್ಲಾಸ್ಟಿಕ್ ಕೊಳವೆಯಲ್ಲಿ ಸ್ಥಿರವಿದ್ಯುತ್ ಕೂಡಿಕೊಂಡು ಇದೇ ತೊಂದರೆ ಕೊಡುತ್ತದೆ. ಕೊಳವೆಯುದ್ದಕ್ಕೂ ಬರಿ ತಾಮ್ರದ ತಂತಿ ಸುತ್ತಿ ಅರ್ಥಿಗೆ ಸೇರಿಸಿ.

ಮೂರನೆಯದು ಲಿಮಿಟ್ ಸ್ವಿಚ್ಚು, ಅಂದರೆ ಓಡಾಟದ ಕೊನೆ ಬಂತೆಂದು ಯಂತ್ರಕ್ಕೆ ತಿಳಿಸುವ ಸ್ವಿಚ್ಚು. ಅಗ್ಗದ ಕಿಟ್ಟಿನಲ್ಲಿ ಬೋರ್ಡಿನ ಮೇಲೆ ಪಿನ್ ಇರುತ್ತದೆ, ಸ್ವಿಚ್ಚು ಇರುವುದಿಲ್ಲ. ನಮ್ಮಲ್ಲಿ ಇದು ಐಷಾರಾಮವಲ್ಲ, ಏಕೆಂದರೆ ಕರೆಂಟು ಹೋಗುತ್ತದೆ. ಎರಡು ತಾಸಿನ ಕೆತ್ತನೆಯ ನಡುವೆ ಕರೆಂಟು ಹೋದರೆ ಯಂತ್ರಕ್ಕೆ ತಾನೆಲ್ಲಿದ್ದೆ ಎಂಬುದು ಗೊತ್ತಿರುವುದಿಲ್ಲ. ಹೋಮಿಂಗ್ (ಸ್ವಿಚ್ಚು ಮುಟ್ಟಿ ತನ್ನ ಜಾಗ ಗುರುತಿಸಿಕೊಳ್ಳುವುದು) ಇದ್ದರೆ $ಎಚ್ ಆಜ್ಞೆ ಕೊಟ್ಟಾಗ ಮೂಲೆಗೆ ಹೋಗಿ ಬರುತ್ತದೆ. ಕೆಲಸದ ಸೊನ್ನೆಯನ್ನು ಜಿ54 ಎಂಬ ಜಾಗದಲ್ಲಿ ಉಳಿಸಿದ್ದರೆ ಅದು ಬೋರ್ಡಿನ ನೆನಪಿನಲ್ಲಿ ಉಳಿದಿರುತ್ತದೆ, ಆದ್ದರಿಂದ ನಿಂತ ಜಾಗಕ್ಕೆ ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಮರಳಬಹುದು. ಆದರೆ ಕೆತ್ತನೆ ಶುರುಮಾಡುವ ಮೊದಲೇ ಒಮ್ಮೆ ಹೋಮಿಂಗ್ ಮಾಡಿ, ಆಮೇಲೆ ಸೊನ್ನೆ ಇಟ್ಟಿರಬೇಕು. ಮುಂದುವರಿಸುವಾಗ ಫೈಲಿನಲ್ಲಿ ನಿಂತ ಸಾಲಿಗಿಂತ ಕೆಲವು ಸಾಲು ಹಿಂದಿನಿಂದ ಹೊರಡಿ, ಬಿಟ್ಟನ್ನು ಮರದ ಮೇಲೆತ್ತಿ ಸ್ಪಿಂಡಲ್ ಓಡಲು ಬಿಟ್ಟ ಮೇಲೆ ಮಾತ್ರ. ಕಂಪ್ಯೂಟರಿನಿಂದ ಯಂತ್ರಕ್ಕೆ ಆಜ್ಞೆ ಕಳಿಸುವ ತಂತ್ರಾಂಶಗಳಾದ ಕ್ಯಾಂಡಲ್ ಮತ್ತು ಜಿಸೆಂಡರ್ ಎರಡರಲ್ಲೂ ಈ ಸೌಲಭ್ಯವಿದೆ.

ಸ್ವಿಚ್ಚುಗಳನ್ನು ನಾರ್ಮಲಿ ಕ್ಲೋಸ್ಡ್ ಆಗಿ (ಒತ್ತದಿದ್ದಾಗ ಸಂಪರ್ಕ ಇರುವಂತೆ) ಜೋಡಿಸಿ $5=1 ಕೊಡಿ. ಆಗ ತಂತಿ ತುಂಡಾದರೂ ಯಂತ್ರಕ್ಕೆ ತಿಳಿಯುತ್ತದೆ. ಮುಂದಿನ ಎಡ ಮೂಲೆಯಲ್ಲಿ ಮನೆ ಬೇಕಾದರೆ $23=3, ಹೋಮಿಂಗ್ ಶುರುಮಾಡಲು $22=1, ಮುಟ್ಟಿದ ಮೇಲೆ ಹಿಂದೆ ಸರಿಯಲು $27 ರಲ್ಲಿ 2 ಅಥವಾ 3. ಇದರ ಜೊತೆಗೇ ತುರ್ತು ನಿಲುಗಡೆಯ ದೊಡ್ಡ ಕೆಂಪು ಗುಂಡಿ ಹಾಕಿ. ಅದು ಕರೆಂಟನ್ನೇ ಕಡಿಯಬೇಕು. ಕಂಪ್ಯೂಟರಿನ ಪರದೆಯ ಮೇಲಿನ 'ಪಾಜ್' (ತಡೆದು ನಿಲ್ಲಿಸುವ) ಗುಂಡಿಯನ್ನು ತುರ್ತು ನಿಲುಗಡೆ ಎಂದು ನಂಬಬೇಡಿ, ಯುಎಸ್‌ಬಿ ಕಡಿದಾಗ ಅದು ಕೆಲಸಕ್ಕೆ ಬರುವುದಿಲ್ಲ.

ಹಾಕಬಾರದ ದುಡ್ಡು

ಎಲ್ಲರಿಗೂ ಬರುವ ಆಸೆ: 775 ತೆಗೆದು ಕೈ ಟ್ರಿಮ್ಮರ್ ರೂಟರ್ ಕೂರಿಸೋಣ. ಮಕಿಟಾ ಆರ್‌ಟಿ0700 ಜಾತಿಯ 710 ವ್ಯಾಟಿನ ಯಂತ್ರ ತುಂಬಾ ಒಳ್ಳೆಯದು, ಆದರೆ ಅದರ ತೂಕ ಎರಡು ಕಿಲೋ ಹತ್ತಿರ. 3018ರ ಝಡ್ (ಮೇಲೆ ಕೆಳಗೆ ಓಡುವ) ಹಿಡಿಕೆ ಪ್ಲಾಸ್ಟಿಕ್ಕು, ಅದನ್ನು ಹೊತ್ತಿರುವುದು 10 ಮಿ.ಮೀ. ಸರಳು. ಭಾರ ಹೆಚ್ಚಾದಷ್ಟೂ ಅದು ಜೋಲುತ್ತದೆ, ದಿಕ್ಕು ಬದಲಿಸಿದಾಗ ಅಲುಗುತ್ತದೆ. ಸರಳನ್ನು 12 ಮಿ.ಮೀ. ಮಾಡಿದರೆ? ಬಾಗದಿರುವ ಗುಣ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ, ಆದ್ದರಿಂದ ಎರಡು ಪಟ್ಟು ಗಟ್ಟಿ. ಕೇಳಲು ಚೆನ್ನ, ಆದರೆ ಬೇರಿಂಗು, ತಟ್ಟೆ, ಹಿಡಿಕೆ ಎಲ್ಲ ಬದಲಾಯಿಸಬೇಕು. ಅಷ್ಟೆಲ್ಲ ಬದಲಾಯಿಸಿದ ಮೇಲೆ 3018ರಲ್ಲಿ ಉಳಿಯುವುದು ಬೋರ್ಡು ಮತ್ತು ಮೋಟಾರು ಮಾತ್ರ.

ಸರಳು ಉದ್ದ ಮಾಡಿ 3040 ಮಾಡುವ ಕಿಟ್ಟುಗಳೂ ಬರುತ್ತವೆ. ಬಾಗುವಿಕೆ ಉದ್ದದ ಮೂರನೇ ಘಾತದಲ್ಲಿ ಏರುತ್ತದೆ: ಉದ್ದ ಎರಡು ಪಟ್ಟಾದರೆ ಬಾಗು ಎಂಟು ಪಟ್ಟು. ತೇಗದ ಹಲಗೆಗೆ ಇದನ್ನು ಶಿಫಾರಸು ಮಾಡಲಾರೆ.

ಮರ, ಬಿಟ್ಟು, ವೇಗ

ವೇಗದ ಲೆಕ್ಕ ಸುಲಭ: ಸುತ್ತು × ಬಿಟ್ಟಿನ ಅಲಗು × ಪ್ರತಿ ಅಲಗು ತೆಗೆಯುವ ಚೂರು. 775 ಹೊರೆಯಲ್ಲಿ 9,000 ಸುತ್ತು ತಿರುಗಿದರೆ, ಎರಡು ಅಲಗಿನ 3.175 ಮಿ.ಮೀ. ಬಿಟ್ಟಿಗೆ 0.04 ಮಿ.ಮೀ. ಚೂರು ಎಂದಿಟ್ಟುಕೊಂಡರೆ ನಿಮಿಷಕ್ಕೆ 720 ಮಿ.ಮೀ. ಆಳ ತೇಗದಲ್ಲಿ ಅರ್ಧ ಮಿ.ಮೀ., ಬೀಟೆಯಲ್ಲಿ 0.3, ಶಿವನೆಯಂಥ ಮೆದು ಮರದಲ್ಲಿ 0.8ರವರೆಗೆ. ಬಿಟ್ಟು ಮುರಿಯಬಹುದೆಂಬ ಭಯದಿಂದ ವೇಗವನ್ನು 150ಕ್ಕೆ ಇಳಿಸುವವರಿದ್ದಾರೆ. ಆಗ ಚೂರು ಬರುವುದಿಲ್ಲ, ಪುಡಿ ಬರುತ್ತದೆ. ಶಾಖವನ್ನು ಹೊತ್ತೊಯ್ಯುವ ಚೂರೇ ಇಲ್ಲದೆ ಬಿಟ್ಟು ಕಾದು ಮೊಂಡಾಗುತ್ತದೆ. ಕೈಗೆ ತೆಗೆದುಕೊಂಡರೆ ಸಣ್ಣ ಸಣ್ಣ ಸುರುಳಿ ಕಾಣಬೇಕು. ತೇಗದಲ್ಲಿ ಸಿಲಿಕಾ ಇರುವುದರಿಂದ ಕಾರ್ಬೈಡ್ ಬಿಟ್ಟೇ ಬೇಕು, ಅದೂ ಉಳಿದ ಮರಕ್ಕಿಂತ ಬೇಗ ಸವೆಯುತ್ತದೆ. ಪ್ಲೈವುಡ್ಡಿಗೆ ಡೌನ್‌ಕಟ್ (ಚೂರನ್ನು ಕೆಳಕ್ಕೆ ಒತ್ತುವ) ಬಿಟ್ಟು ಹಾಕಿ, ಮೇಲಿನ ವೆನೀರ್ ಸಿಬಿರೇಳುವುದಿಲ್ಲ.

ಸಮಯವನ್ನೂ ಲೆಕ್ಕ ಹಾಕಿ ನೋಡೋಣ. 250 × 120 ಮಿ.ಮೀ. ತೇಗದ ನಾಮಫಲಕ, ಅಕ್ಷರ ಉಬ್ಬಾಗಿ ಉಳಿದು ಹಿನ್ನೆಲೆ 3 ಮಿ.ಮೀ. ತಗ್ಗಬೇಕು. ಸಾಲಿನಿಂದ ಸಾಲಿಗೆ 1.3 ಮಿ.ಮೀ. ಸರಿದರೆ ಒಂದು ಪದರಕ್ಕೆ ಸುಮಾರು 23 ಮೀಟರ್ ದಾರಿ, ಅರ್ಧ ಮಿ.ಮೀ.ನಂತೆ ಆರು ಪದರ, ಒಟ್ಟು 138 ಮೀಟರ್. ನಿಮಿಷಕ್ಕೆ 720 ಮಿ.ಮೀ.ನಂತೆ ಮೂರು ತಾಸು ದಾಟುತ್ತದೆ. 775 ಅಷ್ಟು ಹೊತ್ತು ಒಂದೇ ಸಮನೆ ಓಡಿದರೆ ಮುಟ್ಟಲಾಗದಷ್ಟು ಕಾಯುತ್ತದೆ. ಆದ್ದರಿಂದ ಪದರಕ್ಕೊಂದು ಫೈಲು ಮಾಡಿ, ನಡುವೆ ತಣಿಯಲು ಬಿಡಿ. ಇದೇ ಫಲಕವನ್ನು ತಗ್ಗು ಅಕ್ಷರದಲ್ಲಿ, ವಿ-ಬಿಟ್ಟಿನಿಂದ ಕೆತ್ತಿದರೆ ಬಿಟ್ಟು ಓಡಬೇಕಾದ ದಾರಿ ಅಕ್ಷರದ ಗೆರೆಗಳಷ್ಟೇ. ಈ ಯಂತ್ರದ ಸೊಗಸು ಇರುವುದು ಅಲ್ಲಿ.

ಕಿಟ್ಟಿನ ಜೊತೆ ಬಂದ 20 ಡಿಗ್ರಿ ಬಿಟ್ಟುಗಳನ್ನು ಅದಕ್ಕೆ ಬಳಸಬೇಡಿ, ಅವು ಸರ್ಕ್ಯೂಟ್ ಬೋರ್ಡಿಗೆ ಮಾಡಿದವು. 2 ಮಿ.ಮೀ. ಅಗಲದ ಗೆರೆಗೆ ಅವು ಐದೂವರೆ ಮಿ.ಮೀ.ಗಿಂತ ಆಳ ಇಳಿಯಬೇಕು. ತೇಗದ ಎಳೆಗೆ ತಾಗಿ ತುದಿ ಹಾರುತ್ತದೆ. 60 ಡಿಗ್ರಿಯದು ಕೊಳ್ಳಿ: 4 ಮಿ.ಮೀ. ಅಗಲಕ್ಕೆ 3.5 ಮಿ.ಮೀ. ಆಳ. 90 ಡಿಗ್ರಿಯಲ್ಲಿ ಅದೇ ಅಗಲಕ್ಕೆ 2 ಮಿ.ಮೀ. ಸಾಕು, ಆದರೆ ಹಲಗೆ 0.1 ಮಿ.ಮೀ. ಏರುಪೇರಾದರೆ ಗೆರೆಯ ಅಗಲದಲ್ಲಿ 0.2 ವ್ಯತ್ಯಾಸ ಎದ್ದು ಕಾಣುತ್ತದೆ. 60 ಡಿಗ್ರಿಯಲ್ಲಿ ಅದು 0.12ರಷ್ಟೇ.

ಕನ್ನಡ ಅಕ್ಷರಕ್ಕೆ ಇನ್ನೊಂದು ಎಚ್ಚರಿಕೆ. ಹಲವು ಕ್ಯಾಮ್ (ಚಿತ್ರದಿಂದ ಬಿಟ್ಟಿನ ದಾರಿ ಮಾಡುವ) ತಂತ್ರಾಂಶಗಳಲ್ಲಿ ನೇರವಾಗಿ ಟೈಪ್ ಮಾಡಿದರೆ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ. 'ಶ್ರೀ' ಬಿಡಿಬಿಡಿಯಾಗಿ ಹರಡಿಕೊಳ್ಳುತ್ತದೆ. ಚಿತ್ರ ಬರೆಯುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಫಾಂಟ್ ಬಳಸಿ ಬರೆದು, ಪಠ್ಯವನ್ನು ಪಾಥ್ ಮಾಡಿ, ಗುಂಪು ಬಿಡಿಸಿ, ಯೂನಿಯನ್ ಕೊಟ್ಟು, ಸರಳ ಎಸ್‌ವಿಜಿಯಾಗಿ ಉಳಿಸಿ. ಯೂನಿಯನ್ ಬಿಟ್ಟರೆ ಅಕ್ಷರದ ಮೈಯೂ ಗುಣಿಸೂ ಒಂದರ ಮೇಲೊಂದು ಬಿದ್ದ ಕಡೆ ಬಿಟ್ಟು ಒಳಗೆ ಒಂದು ಅಡ್ಡಗೆರೆ ಕೊರೆದುಬಿಡುತ್ತದೆ. ತೆಳು ಫಾಂಟ್ ಬೇಡ. 'ಬಲೂ ತಮ್ಮ' ಹೆಸರಿನದಂಥ ದುಂಡು ಮೈಯ ಫಾಂಟಿನಲ್ಲಿ ತಲೆಕಟ್ಟು, ಒತ್ತು ಎರಡೂ ಸಮ ಅಗಲ ಪಡೆಯುವುದರಿಂದ ಆಳವೂ ಸಮವಾಗಿ ಬರುತ್ತದೆ. ಆಮದು ಮಾಡಿದ ಮೇಲೆ ಅಳತೆ ತಾಳೆ ನೋಡಿ: ಕೆಲವು ತಂತ್ರಾಂಶಗಳು ಇಂಚಿಗೆ 90 ಚುಕ್ಕೆ ಎಂದುಕೊಳ್ಳುತ್ತವೆ, ಈಗಿನ ಇಂಕ್‌ಸ್ಕೇಪ್ 96 ಎನ್ನುತ್ತದೆ. 240 ಮಿ.ಮೀ. ಫಲಕ 256 ಆಗಿ ಬಂದರೆ ಕಾರಣ ಇದೇ.

ಮುಂದಿನ ಯಂತ್ರ

ಎರಡಡಿ ಮೂರಡಿ ಕೆಲಸ ಬೇಕೆನ್ನುವವರು 3018 ಅನ್ನು ಹಿಗ್ಗಿಸುವುದನ್ನು ಬಿಟ್ಟು ಹೊಸ ಮೈ ಕಟ್ಟುವುದೇ ಸರಿ. ಉಕ್ಕು ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಬಿಗಿ, ಎಂಎಸ್ (ಸಾದಾ ಉಕ್ಕು) ಆಯತದ ಪೈಪು ಯಾವ ಊರಿನ ಫ್ಯಾಬ್ರಿಕೇಶನ್ ಅಂಗಡಿಯಲ್ಲೂ ಸಿಗುತ್ತದೆ. ವೆಲ್ಡಿಂಗ್ ಮಾಡಿಸಿದರೆ ಶಾಖಕ್ಕೆ ತಿರುಚುತ್ತದೆ. ಬೋಲ್ಟು ಹಾಕಿ ಜೋಡಿಸಿ, ಇಲ್ಲವೇ ವೆಲ್ಡಿಂಗ್ ಆದ ಮೇಲೆ ರೈಲು (ಭಾಗಗಳು ಜಾರುವ ಉಕ್ಕಿನ ಹಳಿ) ಕೂರುವ ಮೈಯನ್ನು ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಮಿಲ್ಲಿಂಗ್ ಮಾಡಿಸಿ. ತೆಳುವಾದ ಎಪಾಕ್ಸಿ ಸುರಿದು ತಾನಾಗಿ ಮಟ್ಟವಾಗಲು ಬಿಡುವ ವಿಧಾನವೂ ಇದೆ.

ಎಚ್‌ಜಿಆರ್15 ಅಥವಾ 20 ರೈಲು, 1605 ಬಾಲ್‌ಸ್ಕ್ರೂ, ನೆಮಾ 23 ಮೋಟಾರು, ಡಿಎಂ542 ಡ್ರೈವರು, 36 ವೋಲ್ಟಿನ ಸಪ್ಲೈ: ಮನೆಯ ಯಂತ್ರಕ್ಕೆ ಇಷ್ಟು ಸಾಕು. ಡ್ರೈವರನ್ನು ಸುತ್ತಿಗೆ 1,600 ಸ್ಟೆಪ್ಪಿಗೆ ಇಟ್ಟರೆ, ಸುತ್ತಿಗೆ 5 ಮಿ.ಮೀ. ಸಾಗುವ ಈ ಸ್ಕ್ರೂಗೆ ಮಿ.ಮೀ.ಗೆ 320 ಸ್ಟೆಪ್. ಉದ್ದದ ಕಡೆ ಎರಡು ಸ್ಕ್ರೂ ಹಾಕಿ, ಎರಡೂ ಬದಿಗೆ ಬೇರೆ ಬೇರೆ ಹೋಮ್ ಸ್ವಿಚ್ಚು ಇಡಿ. ಜಿಆರ್‌ಬಿಎಲ್ ಬದಲು ಫ್ಲೂಯಿಡ್‌ಎನ್‌ಸಿ ಅಥವಾ ಜಿಆರ್‌ಬಿಎಲ್‌ಹ್ಯಾಲ್ ತಂತ್ರಾಂಶ ಹಾಕಿದರೆ ಗ್ಯಾಂಟ್ರಿ (ಸ್ಪಿಂಡಲ್ ಹೊತ್ತ ಅಡ್ಡ ತೊಲೆ) ಪ್ರತಿ ಸಲವೂ ತಾನೇ ನೇರವಾಗುತ್ತದೆ. ಇಂಥ ಮೈಯ ಮೇಲೆ 6 ಮಿ.ಮೀ. ಬಿಟ್ಟು, 18,000 ಸುತ್ತು, ನಿಮಿಷಕ್ಕೆ 2,880 ಮಿ.ಮೀ., ಒಂದೇ ಇಳಿತದಲ್ಲಿ 3 ಮಿ.ಮೀ. ಆಳ. ಮೇಲೆ ಹೇಳಿದ ನಾಮಫಲಕದ ಹಿನ್ನೆಲೆಯ ದೊಡ್ಡ ಪಾಲು ಐದು ನಿಮಿಷದೊಳಗೆ ಹೋಗುತ್ತದೆ, ಅಕ್ಷರದ ಸಂದುಗೊಂದಿಗೆ ಮಾತ್ರ ಚಿಕ್ಕ ಬಿಟ್ಟು.

400 ಹರ್ಟ್ಜ್‌ನ 2.2 ಕಿಲೋವ್ಯಾಟ್ ಸ್ಪಿಂಡಲ್ ಕೊಂಡರೆ, ವಿಎಫ್‌ಡಿಯಲ್ಲಿ (ಸ್ಪಿಂಡಲ್ ವೇಗ ನಿಯಂತ್ರಿಸುವ ಪೆಟ್ಟಿಗೆ) ಮೂಲ ಆವರ್ತನವನ್ನು 400ಕ್ಕೆ ಬದಲಿಸದೆ ಓಡಿಸಬೇಡಿ. ಕಾರ್ಖಾನೆಯಿಂದ ಅದು 50ರಲ್ಲಿ ಬಂದಿರಬಹುದು, ಸುರುಳಿ ಸುಟ್ಟುಹೋಗುತ್ತದೆ. ಹಾಗೆಯೇ ಸ್ಪಿಂಡಲ್ ಮೈಗೂ ಅರ್ಥಿಗೂ ಸಂಪರ್ಕ ಇದೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡಿಯೇ ಮುಟ್ಟಿ.

ಹಳೆಯ 3018 ಅನ್ನು ಆಗಲೂ ಮಾರಬೇಡಿ. ಎಚ್‌ಜಿಆರ್ ರೈಲಿನ ರಂಧ್ರಗಳು 60 ಮಿ.ಮೀ.ಗೆ ಒಂದರಂತೆ ಇರುತ್ತವೆ. 6 ಮಿ.ಮೀ. ಎಂಡಿಎಫ್‌ನಲ್ಲಿ ಐದು ರಂಧ್ರದ ಟೆಂಪ್ಲೇಟು 240 ಮಿ.ಮೀ.ಗೆ ಮುಗಿಯುತ್ತದೆ, ಅದು ಇದರ ಬೆಡ್ಡಿಗೆ ಸರಿಯಾಗಿ ಹಿಡಿಸುತ್ತದೆ. ಕೊನೆಯ ರಂಧ್ರಕ್ಕೆ ಪಿನ್ನು ಹಾಕಿ ಟೆಂಪ್ಲೇಟನ್ನು ಸರಿಸುತ್ತಾ ಹೋದರೆ ಒಂದು ಮೀಟರ್ ಪೈಪಿನುದ್ದಕ್ಕೂ ಡ್ರಿಲ್ ಗುರುತು ಸಾಲಾಗಿ ಬೀಳುತ್ತದೆ.